ನಿಮ್ಮ ಮನೆಯ ಕಸ, ಇನ್ನೊಬ್ಬರ ಕೈ: ಎಲ್ಲರೂ ತಿಳಿದಿರಬೇಕಾದ 12 ಪದಗಳು

*ಹೃದಯ–ಆರೋಗ್ಯ ಲೇಖನಮಾಲೆ*



ಬಿಪಿ, ಕೊಲೆಸ್ಟ್ರಾಲ್, ವಾಕಿಂಗ್ ಬಗ್ಗೆ ಬರೆಯುವ ಹೃದಯ ಡಾಕ್ಟರು ಇವತ್ತೇಕೆ ಕಸದ ಬಗ್ಗೆ ಬರೆಯುತ್ತಿದ್ದಾರೆ ಎಂದು ನಿಮಗೆ ಅನ್ನಿಸಬಹುದು. ಕಾರಣವಿದೆ. ನನ್ನ ಮನೆಯಲ್ಲೇ ಆದ ಒಂದು ತಪ್ಪನ್ನು ಮೊದಲು ಹೇಳಿಬಿಡುತ್ತೇನೆ.

ನಾವಿರುವುದು ಪುಣೆಯಲ್ಲಿ. ಅಮ್ಮ ಧಾರವಾಡದಿಂದ ಬಂದು ನಮ್ಮ ಜೊತೆಗಿದ್ದಾರೆ. ವಯಸ್ಸು 74, ಸಕ್ಕರೆ ಕಾಯಿಲೆ, ದಿನಕ್ಕೆ ಎರಡು ಸಲ ಇನ್ಸುಲಿನ್ ಪೆನ್. ನಮ್ಮ ಬಿಲ್ಡಿಂಗಿನ ಕಸ ಒಯ್ಯಲು ಬರುವ ಹೆಂಗಸನ್ನು ನಾವೆಲ್ಲ ‘ಮಾವಶಿ’ ಎಂದೇ ಕರೆಯುತ್ತೇವೆ. ಹದಿನೈದು ವರ್ಷದಿಂದ ಬರುತ್ತಿದ್ದಾರೆ. ಒಂದು ಬೆಳಿಗ್ಗೆ ವಾಚ್‌ಮನ್ ಇಂಟರ್‌ಕಾಮ್‌ನಲ್ಲಿ, “ಸಾಹೇಬ, ಮಾವಶಿಗೆ ಸೂಜಿ ಚುಚ್ಚಿದೆ, ಬೇಗ ಬನ್ನಿ” ಎಂದ. ಕೆಳಗೆ ಓಡಿದೆ. ಎಡಗೈ ಹೆಬ್ಬೆರಳಿನಲ್ಲಿ ರಕ್ತದ ಒಂದು ಹನಿ. ಪಕ್ಕದಲ್ಲಿ ಹರಿದು ಬಿದ್ದಿದ್ದ ಚೀಲದಲ್ಲಿ ಅಮ್ಮನ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳು. ಚೀಲ ನಮ್ಮದೇ.

ಅಮ್ಮನ ರಕ್ತ ಪರೀಕ್ಷೆ ಮಾಡಿಸಿದೆ, ಏನೂ ಇರಲಿಲ್ಲ. ಆದರೆ ಮಾವಶಿಯ ಬುಟ್ಟಿಯಲ್ಲಿ ಇನ್ನೂ ಎಂಟು ಮನೆಗಳ ಕಸ ಇತ್ತು, ಅದರಲ್ಲಿ ಎರಡು ಮನೆಗಳಲ್ಲಿ ಇದೇ ತರಹದ ಸೂಜಿ ಬಳಸುತ್ತಾರೆ. ಚುಚ್ಚಿದ್ದು ಯಾರ ಮನೆಯ ಸೂಜಿ ಎಂದು ಆಣೆ ಮಾಡಿ ಹೇಳುವುದು ಸಾಧ್ಯವಿರಲಿಲ್ಲ. ಅವರಿಗೆ ಹೆಪಟೈಟಿಸ್ ಬಿ ಲಸಿಕೆ ಯಾವತ್ತೂ ಆಗಿರಲಿಲ್ಲ. ಲಸಿಕೆ ಶುರುವಾಯಿತು, ಜೊತೆಗೆ 28 ದಿನ ಎಚ್‌ಐವಿ ತಡೆ ಮಾತ್ರೆ. ಆ ಮಾತ್ರೆಗಳಿಂದ ವಾಕರಿಕೆ ಬಂದು ಎಷ್ಟೋ ದಿನ ಕೆಲಸ ತಪ್ಪಿತು. ಆರು ತಿಂಗಳ ಕೊನೆಯ ಪರೀಕ್ಷೆಯಲ್ಲಿ ಎಲ್ಲ ಸರಿ ಇದೆ ಎಂದು ಬರುವವರೆಗೆ ನಮ್ಮ ಮನೆಯಲ್ಲಿ ಯಾರಿಗೂ ಸಮಾಧಾನವಿರಲಿಲ್ಲ. ಅಮ್ಮ ಪ್ರತಿ ರಾತ್ರಿ, “ಅದು ನನ್ನ ಸೂಜಿನ ಏನಪಾ?” ಎಂದು ಕೇಳುತ್ತಿದ್ದರು.

ಮಾವಶಿ ನನಗೆ ಒಂದೇ ಮಾತು ಹೇಳಿದರು: “ಸಾಹೇಬ, ಒಳಗೆ ಸೂಜಿ ಇದೆ ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು.”

ಆಸ್ಪತ್ರೆಯಲ್ಲಿ ಸೂಜಿ ತಪ್ಪು ಡಬ್ಬಿಗೆ ಬಿದ್ದರೆ ನರ್ಸುಗಳ ಮೇಲೆ ರೇಗುವ ನಾನು, ನನ್ನ ಮನೆಯಲ್ಲಿ ಆ ಡಬ್ಬಿಯನ್ನೇ ಇಟ್ಟಿರಲಿಲ್ಲ. ಅಂದಿನಿಂದ ಕಸದ ಪದಗಳನ್ನು ಒಂದೊಂದಾಗಿ ಕಲಿತೆ. ಹೊರ ರಾಜ್ಯಗಳಲ್ಲಿರುವ ನಾವು ಈ ಪದಗಳನ್ನು ಬೇರೆ ಬೇರೆ ಭಾಷೆಯಲ್ಲಿ ಕೇಳುತ್ತೇವೆ, ಅರ್ಧ ಅರ್ಥವಾಗುತ್ತದೆ, ತಲೆ ಆಡಿಸಿ ಸುಮ್ಮನಾಗುತ್ತೇವೆ. ಇವತ್ತು ಅವನ್ನು ನಮ್ಮ ಭಾಷೆಯಲ್ಲಿ ನೋಡೋಣ.

*1. ಹಸಿ ಕಸ*

ಅಡುಗೆ ಮನೆಯ ಸಿಪ್ಪೆ, ಉಳಿದ ಅನ್ನ, ಸೋಸಿದ ಚಹಾ ಪುಡಿ, ಪೂಜೆಯ ಹೂವು. ಒಟ್ಟಿನಲ್ಲಿ ಕೊಳೆತು ಮಣ್ಣಾಗುವುದೆಲ್ಲ. ಮುಂಬೈ–ಪುಣೆಯಲ್ಲಿ ಇದು ‘ಓಲಾ ಕಚರಾ’, ದೆಹಲಿಯಲ್ಲಿ ‘ಗೀಲಾ ಕೂಡಾ’, ಹೈದರಾಬಾದಿನಲ್ಲಿ ‘ತಡಿ ಚೆತ್ತ’, ಚೆನ್ನೈಯಲ್ಲಿ ‘ಮಕ್ಕುಂ ಕುಪ್ಪೈ’. ನಮ್ಮ ಊರುಗಳ ಕಸದಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಇದೇ. ಬೇರೆಯಾಗಿ ಇಟ್ಟರೆ ಗೊಬ್ಬರವಾಗುತ್ತದೆ. ಪ್ಲಾಸ್ಟಿಕ್ ಜೊತೆ ಬೆರೆಸಿದರೆ ಎರಡೂ ಹಾಳು. ಮುಂದೆ ಹೇಳುವ ಹೊಗೆಯ ಕಥೆಯೂ ಇಲ್ಲಿಂದಲೇ ಶುರುವಾಗುತ್ತದೆ.

*2. ಒಣ ಕಸ*

ಪೇಪರ್, ರಟ್ಟು, ಬಾಟಲಿ, ಹಾಲಿನ ಪ್ಯಾಕೆಟ್, ಡಬ್ಬಿ. ‘ಸುಕಾ ಕಚರಾ’, ‘ಸೂಖಾ ಕೂಡಾ’, ‘ಪೊಡಿ ಚೆತ್ತ’, ‘ಮಕ್ಕಾದ ಕುಪ್ಪೈ’ ಎಲ್ಲವೂ ಇದೇ. ಇದರಲ್ಲಿ ಮಾರಾಟವಾಗುವುದನ್ನು ನಮ್ಮೂರಿನಲ್ಲಿ ಗುಜರಿಯವರು ಕೊಳ್ಳುತ್ತಾರೆ. ಮುಂಬೈಯಲ್ಲಿ ಅವರು ರದ್ದಿವಾಲಾ, ಭಂಗಾರ್‌ವಾಲಾ. ದೆಹಲಿಯಲ್ಲಿ ಕಬಾಡಿವಾಲಾ. ಚೆನ್ನೈಯಲ್ಲಿ ಕಾಯಲಾನ್ ಕಡೈ. ಹಾಲಿನ ಪ್ಯಾಕೆಟ್ಟನ್ನು ಒಮ್ಮೆ ನೀರಲ್ಲಿ ಅಲುಗಾಡಿಸಿ ಒಣಗಿಸಿ ಕೊಡಿ. ಕೊಳೆಯಾದ ಪ್ಲಾಸ್ಟಿಕ್ ಯಾರೂ ಕೊಳ್ಳುವುದಿಲ್ಲ.

*3. ಸ್ಯಾನಿಟರಿ ಕಸ*

ಪ್ಯಾಡ್, ಮಕ್ಕಳ ಡೈಪರ್, ಹಾಸಿಗೆ ಹಿಡಿದ ಹಿರಿಯರ ಡೈಪರ್, ಗಾಯದ ಬ್ಯಾಂಡೇಜು, ಹತ್ತಿ. 2016ರ ಘನ ತ್ಯಾಜ್ಯ ನಿಯಮಗಳು ಇವನ್ನು ಭದ್ರವಾಗಿ ಸುತ್ತಿ ಕೊಡಬೇಕು ಎಂದು ಹೇಳಿದವು. ಪುಣೆಯಲ್ಲಿ ಕಸ ಆಯುವವರ ಸಹಕಾರಿ ಸಂಸ್ಥೆ ‘ಸ್ವಚ್ಛ್’ ಒಂದು ಸುಲಭ ದಾರಿ ತೋರಿಸಿಕೊಟ್ಟಿದೆ: ಹಳೆ ಪೇಪರಿನಲ್ಲಿ ಸುತ್ತಿ, ಮೇಲೆ ದೊಡ್ಡದೊಂದು ಕೆಂಪು ಚುಕ್ಕೆ ಹಾಕಿ. ಕೆಂಪು ಚುಕ್ಕೆ ಕಂಡರೆ ಯಾರೂ ಬಿಚ್ಚಿ ನೋಡುವುದಿಲ್ಲ. ಯಾವ ಊರಲ್ಲಿದ್ದರೂ ಇದನ್ನು ನಾವು ಮಾಡಬಹುದು. ಲಿಪ್‌ಸ್ಟಿಕ್ಕಿನಲ್ಲಿ ಹಾಕಿದರೂ ನಡೆಯುತ್ತದೆ!

*4. ಮನೆಯ ಅಪಾಯಕಾರಿ ಕಸ*

ಬಣ್ಣದ ಡಬ್ಬಿ, ಕೀಟನಾಶಕ, ಟ್ಯೂಬ್‌ಲೈಟ್, ಸೆಲ್ಲುಗಳು, ಪಾದರಸದ ಥರ್ಮಾಮೀಟರ್, ಹಳೆಯ ಔಷಧ, ಸೂಜಿ. ಇವು ಹಸಿಯೂ ಅಲ್ಲ, ಒಣ ಕಸವೂ ಅಲ್ಲ. ಇವಕ್ಕೆ ಮೂರನೆಯ ಡಬ್ಬಿ ಬೇಕು.

ಮನೆಯಲ್ಲಿ ಹಳೆಯ ಥರ್ಮಾಮೀಟರ್ ಒಡೆದರೆ ಏನು ಮಾಡಬೇಕು ಎಂದು ತುಂಬ ಜನ ಕೇಳುತ್ತಾರೆ. ಕಿಟಕಿ ತೆರೆಯಿರಿ, ಮಕ್ಕಳನ್ನು ಹೊರಗೆ ಕಳಿಸಿ. ಪೊರಕೆ ಹಾಕಬೇಡಿ, ವ್ಯಾಕ್ಯೂಮ್ ಕ್ಲೀನರ್ ಅಂತೂ ಬೇಡವೇ ಬೇಡ. ಅದರಿಂದ ಪಾದರಸದ ಆವಿ ಮನೆಯೆಲ್ಲ ಹರಡುತ್ತದೆ. ಗಟ್ಟಿ ಕಾಗದದ ಅಂಚಿನಿಂದ ಹನಿಗಳನ್ನು ಒಟ್ಟುಮಾಡಿ, ಮುಚ್ಚಳವಿರುವ ಬಾಟಲಿಗೆ ಹಾಕಿ ಬಿಗಿಯಾಗಿ ಮುಚ್ಚಿ.

*5. ಶಾರ್ಪ್ಸ್*

ಚುಚ್ಚುವ, ಕತ್ತರಿಸುವ ವಸ್ತುಗಳಿಗೆ ಆಸ್ಪತ್ರೆಯ ಹೆಸರು. ಇನ್ಸುಲಿನ್ ಸೂಜಿ, ಶುಗರ್ ನೋಡುವ ಲ್ಯಾನ್ಸೆಟ್, ಬ್ಲೇಡು, ರಕ್ತ ಹೆಪ್ಪುಗಟ್ಟದಂತೆ ಹೊಟ್ಟೆಗೆ ಚುಚ್ಚಿಕೊಳ್ಳುವ ಇಂಜೆಕ್ಷನ್. ನನ್ನ ರೋಗಿಗಳಲ್ಲಿ ಅರ್ಧ ಜನರ ಮನೆಯಲ್ಲಿ ಇವುಗಳಲ್ಲಿ ಒಂದಾದರೂ ಇದ್ದೇ ಇರುತ್ತದೆ.

ಅಪಾಯ ಎಷ್ಟು? ಸೋಂಕಿರುವವರ ರಕ್ತ ತಗುಲಿದ ಸೂಜಿ ಚುಚ್ಚಿದರೆ ಎಚ್‌ಐವಿ ಹರಡುವ ಸಾಧ್ಯತೆ ಸುಮಾರು 0.3%. ಹೆಪಟೈಟಿಸ್ ಸಿ ಹಳೆಯ ಲೆಕ್ಕದಲ್ಲಿ ಸುಮಾರು 1.8%. ಲಸಿಕೆ ಆಗದವರಲ್ಲಿ ಹೆಪಟೈಟಿಸ್ ಬಿ ಮಾತ್ರ 30%ವರೆಗೂ ಹೋಗಬಹುದು. ಇವು ಆಸ್ಪತ್ರೆ ಸಿಬ್ಬಂದಿಯ ಅನುಭವದಿಂದ ಬಂದ ಲೆಕ್ಕ. ಒಣಗಿದ ಸಣ್ಣ ಇನ್ಸುಲಿನ್ ಸೂಜಿಯಲ್ಲಿ ಅಪಾಯ ಇನ್ನೂ ಕಡಿಮೆ. ಆದರೆ ಬೆರಳಿಗೆ ಚುಚ್ಚಿಸಿಕೊಂಡವರಿಗೆ ಆರು ತಿಂಗಳು ಈ ಲೆಕ್ಕದಿಂದ ನಿದ್ದೆ ಬರುವುದಿಲ್ಲ.

ಮನೆಯಲ್ಲಿ ಹೀಗೆ ಮಾಡಿ:
🔹 ಬಟ್ಟೆ ಒಗೆಯುವ ಲಿಕ್ವಿಡ್‌ನ ಗಟ್ಟಿ ಪ್ಲಾಸ್ಟಿಕ್ ಬಾಟಲಿ ಖಾಲಿಯಾದಾಗ ತೊಳೆದು ಇಟ್ಟುಕೊಳ್ಳಿ. ನೀರಿನ ತೆಳು ಬಾಟಲಿ ಬೇಡ, ಸೂಜಿ ತೂರಿ ಹೊರಬರುತ್ತದೆ.
🔹 ಚುಚ್ಚಿಕೊಂಡ ತಕ್ಷಣ ಸೂಜಿ ನೇರವಾಗಿ ಬಾಟಲಿಯೊಳಗೆ. ಟೇಬಲ್ ಮೇಲೆ ಇಟ್ಟು ಆಮೇಲೆ ಹಾಕೋಣ ಎನ್ನಬೇಡಿ.
🔹 ಮುಕ್ಕಾಲು ತುಂಬಿದಾಗ ಮುಚ್ಚಳ ತಿರುಗಿಸಿ ಟೇಪ್ ಸುತ್ತಿ. ಮೇಲೆ ‘ಸೂಜಿಗಳಿವೆ, ತೆರೆಯಬೇಡಿ’ ಎಂದು ಸ್ಥಳೀಯ ಭಾಷೆಯಲ್ಲೇ ಬರೆಯಿರಿ. ಕಸ ಒಯ್ಯುವವರಿಗೆ ಕನ್ನಡ ಓದಲು ಬರುವುದಿಲ್ಲ ಎಂಬುದು ನೆನಪಿರಲಿ.
🔹 ನೀವು ತೋರಿಸಿಕೊಳ್ಳುವ ಆಸ್ಪತ್ರೆ ಅಥವಾ ಲ್ಯಾಬ್ ತೆಗೆದುಕೊಳ್ಳುತ್ತದೆಯೇ ಕೇಳಿ. ಇಲ್ಲದಿದ್ದರೆ ಅಪಾಯಕಾರಿ ಕಸದ ಜೊತೆ, ಕೈಯಲ್ಲಿ ಕೊಟ್ಟು, ಬಾಯಿಬಿಟ್ಟು ಹೇಳಿ.

ಯಾರಿಗಾದರೂ ಚುಚ್ಚಿದರೆ: ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆಯಿರಿ. ಹಿಂಡಬೇಡಿ, ಬಾಯಲ್ಲಿ ಚೀಪಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ. ಎಚ್‌ಐವಿ ತಡೆ ಔಷಧ ಬೇಕೆಂದಾದರೆ ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು. 72 ಗಂಟೆ ದಾಟಿದರೆ ಪ್ರಯೋಜನವಿಲ್ಲ.

*6. ಅವಧಿ ಮೀರಿದ ಔಷಧ*

ಹಿರಿಯರು ತೀರಿಕೊಂಡ ಮನೆಗಳಲ್ಲಿ ಒಂದು ಡಬ್ಬಿ ತುಂಬ ಮಾತ್ರೆ ಉಳಿದಿರುತ್ತದೆ. ಬಿಸಾಡಲು ಮನಸ್ಸು ಬರುವುದಿಲ್ಲ. ಆದರೆ ಹೃದಯದ ಮಾತ್ರೆಗಳು ನೋಡಲು ಚಿಕ್ಕವು, ಕೆಲಸದಲ್ಲಿ ದೊಡ್ಡವು. ಬಿಪಿಯ, ನಾಡಿ ಬಡಿತದ ಕೆಲವು ಮಾತ್ರೆಗಳು ಒಂದೆರಡು ನುಂಗಿದರೂ ಚಿಕ್ಕ ಮಗುವಿನ ಪ್ರಾಣಕ್ಕೆ ಕುತ್ತು. ಮೊಮ್ಮಕ್ಕಳು ರಜೆಗೆ ಬರುವ ಮೊದಲು ಆ ಡಬ್ಬಿ ಖಾಲಿ ಮಾಡಿ.

ಹೇಗೆ? ಮೊದಲು ಔಷಧದ ಅಂಗಡಿಯಲ್ಲೋ ಆಸ್ಪತ್ರೆಯಲ್ಲೋ ಹಿಂದಕ್ಕೆ ಪಡೆಯುತ್ತಾರಾ ಕೇಳಿ. ಇಲ್ಲವಾದರೆ ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ, ಸೋಸಿದ ಚಹಾ ಪುಡಿ ಅಥವಾ ಮಣ್ಣಿನ ಜೊತೆ ಬೆರೆಸಿ, ಡಬ್ಬಿಯಲ್ಲಿ ಮುಚ್ಚಿ ಅಪಾಯಕಾರಿ ಕಸಕ್ಕೆ ಕೊಡಿ. ಖಾಲಿ ಸ್ಟ್ರಿಪ್ಪನ್ನು ಕತ್ತರಿಸಿ, ಬಾಟಲಿಯ ಲೇಬಲ್ ಹರಿಯಿರಿ. ಚೀಟಿಯಲ್ಲಿರುವ ನಿಮ್ಮ ಹೆಸರು, ಫೋನ್ ನಂಬರ್ ಅಳಿಸಿ. ಸಿಂಕಿಗೆ ಸುರಿಯಬೇಡಿ.

ಔಷಧ ಪರಿಸರಕ್ಕೆ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲೇ ದೊಡ್ಡ ಪಾಠವಿದೆ. ದನಗಳಿಗೆ ನೋವಿಗೆಂದು ಕೊಡುತ್ತಿದ್ದ ಡೈಕ್ಲೋಫೆನಾಕ್, ಸತ್ತ ದನ ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸಿತು. ಕೆಲವೇ ವರ್ಷಗಳಲ್ಲಿ ಅವು ಬಹುತೇಕ ಅಳಿದವು. 2006ರಲ್ಲಿ ದನಗಳಿಗೆ ಆ ಔಷಧ ಕೊಡುವುದನ್ನು ಸರ್ಕಾರ ನಿಷೇಧಿಸಿತು. ಮುಂಬೈಯ ಪಾರ್ಸಿಗಳ ಡೂಂಗರ್‌ವಾಡಿಗೆ ಹದ್ದುಗಳು ಬಾರದಂತಾಗಿದ್ದು ಇದರಿಂದಲೇ.

*7. ಜೈವಿಕ ವೈದ್ಯಕೀಯ ತ್ಯಾಜ್ಯ*

ಆಸ್ಪತ್ರೆಗೆ ಹೋದಾಗ ಬಣ್ಣ ಬಣ್ಣದ ಡಬ್ಬಿಗಳನ್ನು ನೋಡಿರುತ್ತೀರಿ. 2016ರ ನಿಯಮದ ಪ್ರಕಾರ ನಾಲ್ಕು ಬಣ್ಣ. ಹಳದಿಯಲ್ಲಿ ರಕ್ತದ ಹತ್ತಿ, ಅವಧಿ ಮೀರಿದ ಔಷಧ. ಇವುಗಳಲ್ಲಿ ಹೆಚ್ಚಿನವು ದೊಡ್ಡ ಕುಲುಮೆಯಲ್ಲಿ ಸುಡಲ್ಪಡುತ್ತವೆ. ಕೆಂಪಿನಲ್ಲಿ ಸಲೈನ್ ಪೈಪು, ಗ್ಲೌಸ್ ಮುಂತಾದ ಪ್ಲಾಸ್ಟಿಕ್. ಇವನ್ನು ಬಿಸಿ ಹಬೆಯಲ್ಲಿ ಶುದ್ಧ ಮಾಡಿ, ಚೂರು ಮಾಡಿ ರೀಸೈಕ್ಲಿಂಗಿಗೆ ಕಳಿಸುತ್ತಾರೆ. ಬಿಳಿ, ಚುಚ್ಚಲಾಗದ ಡಬ್ಬಿಯಲ್ಲಿ ಸೂಜಿ, ಬ್ಲೇಡು. ನೀಲಿಯಲ್ಲಿ ಗಾಜು ಮತ್ತು ದೇಹದೊಳಗೆ ಇಡುವ ಲೋಹದ ಭಾಗಗಳು.

ರೋಗಿಯನ್ನು ನೋಡಲು ಹೋದಾಗ ಬಾಳೆಹಣ್ಣಿನ ಸಿಪ್ಪೆಯನ್ನು ಹಳದಿ ಡಬ್ಬಿಗೆ ಹಾಕಬೇಡಿ. ಆ ಸಿಪ್ಪೆಯೂ ಕುಲುಮೆಗೆ ಹೋಗುತ್ತದೆ, ಕಾರಣವಿಲ್ಲದೆ.

*8. ಇ-ತ್ಯಾಜ್ಯ, ಮತ್ತು ಪೇಸ್‌ಮೇಕರ್*

ಹಳೆ ಫೋನು, ಚಾರ್ಜರ್, ಕೆಟ್ಟ ಡಿಜಿಟಲ್ ಬಿಪಿ ಮಷಿನ್, ಶುಗರ್ ಮೀಟರ್ ಎಲ್ಲ ಇ-ತ್ಯಾಜ್ಯ. ಅನುಮತಿ ಪಡೆದ ಸಂಗ್ರಹ ಕೇಂದ್ರಕ್ಕೆ ಕೊಡಿ. ಗಲ್ಲಿಯ ಬೆಂಕಿಯಲ್ಲಿ ತಂತಿ ಸುಟ್ಟು ತಾಮ್ರ ತೆಗೆಯುವವರ ಕೈಗೆ ಬೇಡ.

ಇಲ್ಲಿ ಹೃದಯ ವೈದ್ಯನಾಗಿ ಒಂದು ಮಾತು ಹೇಳಲೇಬೇಕು. ಕಷ್ಟದ ಮಾತು, ಆದರೆ ಮುಖ್ಯವಾದದ್ದು. ಪೇಸ್‌ಮೇಕರ್ ಒಳಗೆ ಲಿಥಿಯಂ ಬ್ಯಾಟರಿ ಇರುತ್ತದೆ. ಪೇಸ್‌ಮೇಕರ್ ಇರುವವರು ತೀರಿಕೊಂಡರೆ, ದಹನಕ್ಕೆ ಮೊದಲು ಅದನ್ನು ತೆಗೆಸಬೇಕು. ತೆಗೆಯದಿದ್ದರೆ ಬೆಂಕಿಯಲ್ಲಿ ಅದು ಸಿಡಿಯುತ್ತದೆ. ಚಿತೆಯ ಹತ್ತಿರ ನಿಂತವರಿಗೆ ಪೆಟ್ಟಾಗಬಹುದು, ವಿದ್ಯುತ್ ಚಿತಾಗಾರದ ಕುಲುಮೆಗೂ ಹಾನಿ. ಭುಜದ ಕೆಳಗೆ ಒಂದು ಸಣ್ಣ ಕೊಯ್ತ, ಕೆಲವೇ ನಿಮಿಷದ ಕೆಲಸ. ಆಸ್ಪತ್ರೆಯಲ್ಲೇ ತೀರಿಕೊಂಡರೆ ಹೊರಡುವ ಮೊದಲು ಹೇಳಿ. ಮನೆಯಲ್ಲಾದರೆ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ. ತೆಗೆದ ಪೇಸ್‌ಮೇಕರನ್ನು ಫೋನು, ಚಾರ್ಜರ್‌ಗಳ ಜೊತೆ ಹಾಕದೆ ಆಸ್ಪತ್ರೆಗೇ ಒಪ್ಪಿಸಿ. ಆ ಗಳಿಗೆಯಲ್ಲಿ ಯಾರಿಗೂ ನೆನಪಾಗುವುದಿಲ್ಲ, ಹಾಗಾಗಿ ಮನೆಯ ಒಬ್ಬರಾದರೂ ಈಗಲೇ ತಿಳಿದಿರಲಿ.

*9. ರೀಯೂಸ್ ಬೇರೆ, ರೀಸೈಕಲ್ ಬೇರೆ*

ಹಾರ್ಲಿಕ್ಸ್ ಬಾಟಲಿಯಲ್ಲಿ ಮೆಣಸಿನ ಪುಡಿ ತುಂಬುವುದು ರೀಯೂಸ್, ಅಂದರೆ ಮತ್ತೆ ಬಳಸುವುದು. ಇದು ನಮ್ಮ ಅಜ್ಜಿಯರಿಗೆ ಚೆನ್ನಾಗಿ ಗೊತ್ತಿತ್ತು. ಬಾಟಲಿ ಕರಗಿಸಿ ಹೊಸ ವಸ್ತು ಮಾಡುವುದು ರೀಸೈಕ್ಲಿಂಗ್. ಪ್ಲಾಸ್ಟಿಕ್ ಪ್ರತಿ ಸಲ ಕರಗಿಸಿದಾಗಲೂ ಗುಣ ಕಳೆದುಕೊಂಡು ಕೆಳಮಟ್ಟದ ವಸ್ತುವಾಗುತ್ತದೆ. ಅದಕ್ಕೆ ‘ಡೌನ್‌ಸೈಕ್ಲಿಂಗ್’ ಎನ್ನುತ್ತಾರೆ.

ಡಬ್ಬಿಯ ತಳದಲ್ಲಿ ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ. 1 ಎಂದರೆ ನೀರಿನ ಬಾಟಲಿಯ ಪೆಟ್, 2 ಮತ್ತು 5 ಗಟ್ಟಿ ಡಬ್ಬಿಗಳು. ಇವಕ್ಕೆ ಗುಜರಿಯಲ್ಲಿ ಬೆಲೆಯಿದೆ. ಚಿಪ್ಸ್ ಪ್ಯಾಕೆಟ್ಟು, ಮಾತ್ರೆಯ ಸ್ಟ್ರಿಪ್ಪು ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಅಂಟಿಸಿದ ಪದರಗಳು. ಬಿಡಿಸುವುದು ಕಷ್ಟ, ಹಾಗಾಗಿ ಕೊಳ್ಳುವವರು ಅಪರೂಪ. ತ್ರಿಕೋನ ಇದ್ದ ಮಾತ್ರಕ್ಕೆ ಎಲ್ಲವೂ ರೀಸೈಕಲ್ ಆಗುತ್ತದೆ ಎಂದುಕೊಳ್ಳಬೇಡಿ.

*10. ಮೈಕ್ರೋಪ್ಲಾಸ್ಟಿಕ್*

ಬಿಸಾಡಿದ ಪ್ಲಾಸ್ಟಿಕ್ ಮಾಯವಾಗುವುದಿಲ್ಲ, ಬಿಸಿಲಿಗೆ ಒಡೆದು ಪುಡಿಯಾಗುತ್ತದೆ. 5 ಮಿಲಿಮೀಟರಿಗಿಂತ ಚಿಕ್ಕ ಚೂರುಗಳೇ ಮೈಕ್ರೋಪ್ಲಾಸ್ಟಿಕ್. ಮಾರ್ಚ್ 2024ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಇಟಲಿಯ ವೈದ್ಯರ ಒಂದು ಅಧ್ಯಯನ ಬಂತು. ಕುತ್ತಿಗೆಯ ರಕ್ತನಾಳದ ಕೊಬ್ಬಿನ ಗಡ್ಡೆಯನ್ನು ಆಪರೇಷನ್ನಿನಲ್ಲಿ ತೆಗೆದ 257 ರೋಗಿಗಳನ್ನು ಸುಮಾರು 34 ತಿಂಗಳು ಗಮನಿಸಿದರು. 58% ಜನರ ಗಡ್ಡೆಯಲ್ಲಿ ಪಾಲಿಥೀನ್ ಸಿಕ್ಕಿತು! ಹಾಗೆ ಸಿಕ್ಕವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವಿನ ಅಪಾಯ ಉಳಿದವರಿಗಿಂತ ಸುಮಾರು ನಾಲ್ಕೂವರೆ ಪಟ್ಟು ಹೆಚ್ಚಿತ್ತು.

ಇದನ್ನು ಓದಿ ಗಾಬರಿಯಾಗಬೇಡಿ. ಎರಡೂ ಒಟ್ಟಿಗೆ ಕಂಡವು ಎಂದಷ್ಟೇ ಇದರ ಅರ್ಥ, ಪ್ಲಾಸ್ಟಿಕ್ಕೇ ಕಾರಣ ಎಂದು ಇನ್ನೂ ಸಾಬೀತಾಗಿಲ್ಲ. ಹೃದಯಕ್ಕೆ ಬೀಡಿ–ಸಿಗರೇಟು, ಬಿಪಿ, ಶುಗರ್ ಇವತ್ತಿಗೂ ದೊಡ್ಡ ಶತ್ರುಗಳು. ಆದರೂ ಬಿಸಿ ಸಾಂಬಾರನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿಕೊಳ್ಳದೆ ಸ್ಟೀಲ್ ಡಬ್ಬಿ ಒಯ್ಯುವುದರಲ್ಲಿ ನಷ್ಟವೇನೂ ಇಲ್ಲ.

*11. ಲ್ಯಾಂಡ್‌ಫಿಲ್ ಮತ್ತು ಲೀಚೇಟ್*

ಬೇರ್ಪಡಿಸದ ಕಸ ಕೊನೆಗೆ ಊರಾಚೆಯ ಗುಡ್ಡಕ್ಕೆ ಹೋಗುತ್ತದೆ. ಅಡಿಯಲ್ಲಿ ಹಾಸು, ಮೇಲೆ ಮಣ್ಣು ಹಾಕಿ ವೈಜ್ಞಾನಿಕವಾಗಿ ಮಾಡಿದ್ದು ಲ್ಯಾಂಡ್‌ಫಿಲ್. ಸುಮ್ಮನೆ ಸುರಿದದ್ದು ಡಂಪ್. ಕಸದಿಂದ ಇಳಿಯುವ ಕಪ್ಪು ರಸ ಲೀಚೇಟ್, ಅದು ಅಂತರ್ಜಲಕ್ಕೆ ಸೇರುತ್ತದೆ. ಗಾಳಿಯಿಲ್ಲದೆ ಕೊಳೆಯುವ ಹಸಿ ಕಸದಿಂದ ಮೀಥೇನ್ ಹುಟ್ಟುತ್ತದೆ, ಅದಕ್ಕೆ ಬೆಂಕಿ ಸುಲಭ. ಮುಂಬೈಯ ದೇವನಾರ್‌ನಲ್ಲಿ 1927ರಿಂದ ಕಸ ಬೀಳುತ್ತಿದೆ. 2016ರ ಜನವರಿ ಕೊನೆಯಲ್ಲಿ ಅಲ್ಲಿ ಬೆಂಕಿ ಬಿದ್ದಾಗ ಹೊಗೆ ಉಪಗ್ರಹದ ಚಿತ್ರಗಳಲ್ಲೂ ಕಂಡಿತ್ತು. ದೆಹಲಿಯ ಗಾಜಿಪುರದ ಗುಡ್ಡ 2017ರ ಸೆಪ್ಟೆಂಬರ್ 1ರಂದು ಕುಸಿದು ಇಬ್ಬರು ಸತ್ತರು. 2022ರ ಏಪ್ರಿಲ್‌ನಲ್ಲಿ ದೆಹಲಿಯ ಭಲಸ್ವಾ ಮತ್ತು ಚೆನ್ನೈಯ ಪೆರುಂಗುಡಿ ಎರಡೂ ಹೊತ್ತಿದವು.

ಕಸವನ್ನು ಹೀಗೆ ಸುರಿಯಬಾರದು ಎಂದು 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ಬೆಂಗಳೂರಿನ ಆಲ್ಮಿತ್ರಾ ಪಟೇಲ್. ಆ ಕೇಸಿನ ಫಲವಾಗಿಯೇ 2000ದಲ್ಲಿ ದೇಶಕ್ಕೆ ಮೊದಲ ನಗರ ಘನ ತ್ಯಾಜ್ಯ ನಿಯಮಗಳು ಬಂದವು.

*12. ಬಯಲಿನಲ್ಲಿ ಸುಡುವುದು*

ಕೊನೆಯ ಪದ, ನನ್ನ ಓಪಿಡಿಗೆ ನೇರ ಸಂಬಂಧ ಇರುವುದು ಇದಕ್ಕೇ. ಎಲೆ, ಪೇಪರ್, ಪ್ಲಾಸ್ಟಿಕ್ ಗುಡ್ಡೆ ಹಾಕಿ ಕಡ್ಡಿ ಗೀರುವುದು. ಚಳಿಗಾಲದಲ್ಲಿ ದೆಹಲಿಯ ಗೇಟುಗಳಲ್ಲಿ ವಾಚ್‌ಮನ್‌ಗಳು ಮೈ ಕಾಯಿಸಿಕೊಳ್ಳಲು ಹೀಗೆ ಮಾಡುವುದನ್ನು ನೋಡಿರುತ್ತೀರಿ.

ಈ ಹೊಗೆಯಲ್ಲಿ ಪಿಎಂ 2.5 ಎಂಬ ಸೂಕ್ಷ್ಮ ಕಣಗಳಿವೆ. ಕೂದಲಿನ ದಪ್ಪದ ಸುಮಾರು ಮೂವತ್ತನೇ ಒಂದು ಭಾಗ. ಮೂಗಿನ ಕೂದಲು ಇವನ್ನು ತಡೆಯಲಾರದು. ಶ್ವಾಸಕೋಶದ ತಳ ಮುಟ್ಟಿ ಅಲ್ಲಿ ಉರಿಯೂತ ಎಬ್ಬಿಸುತ್ತವೆ. ರಕ್ತನಾಳ ಬಿಗಿಯುತ್ತದೆ, ಬಿಪಿ ಏರುತ್ತದೆ, ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚುತ್ತದೆ. ಜೊತೆಗೆ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದು ಕೂರುತ್ತದೆ. ಈಗಾಗಲೇ ರಕ್ತನಾಳ ಕಿರಿದಾದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ, ಹೃದಯ ದುರ್ಬಲವಾದವರಿಗೆ ಇದು ಎದೆನೋವು ತರಲು ಸಾಕು. ಪಿವಿಸಿ ಸುಟ್ಟರೆ ಡಯಾಕ್ಸಿನ್ ಎಂಬ ವಿಷವೂ ಹೊರಬರುತ್ತದೆ. ಪಿಎಂ 2.5 ವರ್ಷದ ಸರಾಸರಿ 5 ಮೈಕ್ರೋಗ್ರಾಂ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ದೇಶದ ಮಿತಿ 40.

ಬಯಲಿನಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಾದರೆ 25,000 ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲಿ ಆದೇಶಿಸಿತು. ಆದರೆ ಚಳಿಯಲ್ಲಿ ನಡುಗುವ ವಾಚ್‌ಮನ್‌ಗೆ ದಂಡದ ಮಾತು ಹೇಳುವ ಮೊದಲು ಸೊಸೈಟಿಯಿಂದ ಒಂದು ಹೀಟರ್, ಒಂದು ಕಂಬಳಿ ಕೊಡಿಸಿ. ಬೆಂಕಿ ತಾನೇ ನಿಲ್ಲುತ್ತದೆ. ಸುತ್ತ ಹೊಗೆಯಿರುವ ದಿನ ಹೃದಯದ ತೊಂದರೆ ಇರುವವರು ಬೆಳಗಿನ ವಾಕಿಂಗ್ ಬಿಟ್ಟು ಮನೆಯೊಳಗೇ ನಡೆದಾಡಿ.

*ಈ ವಾರ ಇಷ್ಟು ಮಾಡಿ*

✅ ಮನೆಯಲ್ಲಿ ಮೂರು ಡಬ್ಬಿ: ಹಸಿ, ಒಣ, ಅಪಾಯಕಾರಿ. ಸ್ಯಾನಿಟರಿ ಕಸಕ್ಕೆ ಪೇಪರು ಮತ್ತು ಕೆಂಪು ಚುಕ್ಕೆ.
✅ ಇನ್ಸುಲಿನ್ ಬಳಸುವವರಿದ್ದರೆ ಇವತ್ತೇ ಒಂದು ಸೂಜಿ ಬಾಟಲಿ.
✅ ಔಷಧದ ಡಬ್ಬಿ ತೆರೆದು ತಾರೀಖು ನೋಡಿ.
✅ ಮನೆಯಲ್ಲಿ ಪೇಸ್‌ಮೇಕರ್ ಇರುವವರಿದ್ದರೆ ಕಾರ್ಡ್ ಎಲ್ಲಿದೆ ಎಂದು ಎಲ್ಲರಿಗೂ ತಿಳಿದಿರಲಿ.
✅ ನಿಮ್ಮ ಕಸ ಒಯ್ಯುವವರಿಗೆ ಹೆಪಟೈಟಿಸ್ ಬಿ ಲಸಿಕೆ ಆಗಿದೆಯೇ ಕೇಳಿ. ಮೂರು ಡೋಸ್: ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಸೊಸೈಟಿಯವರು ಕೈಜೋಡಿಸಿದರೆ ಪ್ರತಿ ಮನೆಗೆ ಬರುವ ಖರ್ಚು ಒಂದು ಸಲ ಹೋಟೆಲಿಗೆ ಹೋದಷ್ಟೂ ಅಲ್ಲ. ಜೊತೆಗೆ ಗಟ್ಟಿ ಗ್ಲೌಸ್ ಕೊಡಿಸಿ.

ಅಮ್ಮನ ಸೂಜಿ ಬಾಟಲಿ ಈಗ ಫ್ರಿಜ್ಜಿನ ಪಕ್ಕದಲ್ಲಿದೆ. ಅದರ ಮೇಲೆ ಮರಾಠಿಯಲ್ಲಿ ಬರೆದು ಕೊಟ್ಟವಳು ನನ್ನ ಮಗಳು. ತುಂಬಿದಾಗ ನಾನೇ ಆಸ್ಪತ್ರೆಗೆ ಒಯ್ಯುತ್ತೇನೆ. ಮಾವಶಿ ಈಗಲೂ ಬರುತ್ತಾರೆ. ನಮ್ಮ ಚೀಲ ಎತ್ತುವ ಮೊದಲು ಈಗಲೂ ಒಂದು ಕ್ಷಣ ನಿಂತು ನೋಡುತ್ತಾರೆ. ಆ ಅಂಜಿಕೆ ಹೋಗಲು ಇನ್ನೂ ಸಮಯ ಬೇಕು.

ಉಪಯೋಗವೆನಿಸಿದರೆ ನಿಮ್ಮ ಕನ್ನಡ ಸಂಘದ, ಕುಟುಂಬದ, ಸೊಸೈಟಿಯ ಗ್ರೂಪಿಗೆ ಕಳಿಸಿ. ಇದು ಸಾಮಾನ್ಯ ಮಾಹಿತಿ, ನಿಮ್ಮ ಚಿಕಿತ್ಸೆಗೆ ನಿಮ್ಮ ವೈದ್ಯರ ಸಲಹೆಯೇ ಮುಖ್ಯ.

ಆರೋಗ್ಯವಾಗಿರಿ 🙏
— ನಿಮ್ಮ ಹೃದ್ರೋಗ ವೈದ್ಯ, ಎಂ.ಡಿ., ಪುಣೆ